ಸೈಕಲ್ ಆರಿಸಿಕೊಟ್ಟ ಡ್ರೈವಿಂಗ್ ಟೀಚರ್

ಅವರ ಬಲಗಾಲಿನ ಶೂ ಎಡಗಾಲಿನದಕ್ಕಿಂತ ಯಾವಾಗಲೂ ಹೆಚ್ಚು ಸವೆದಿರುತ್ತಿತ್ತು. ಹೆಬ್ಬೆರಳ ಬುಡದಲ್ಲಿ ಅಟ್ಟೆ ಕಾಗದದಷ್ಟು ತೆಳ್ಳಗಾಗಿ ಮಳೆ ಬಂದರೆ ಕಾಲುಚೀಲ ಒದ್ದೆಯಾಗುತ್ತಿತ್ತು. ಡ್ರೈವಿಂಗ್ ಕಲಿಸುವವರ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದೆ. ಆ ಬಲಗಾಲು ದಿನವಿಡೀ ಆ ಬ್ರೇಕಿನ ಮೇಲೆ ಒತ್ತದೆ, ಆದರೆ ಒತ್ತಲು ಸಿದ್ಧವಾಗಿ, ಬಿಲದ ಮುಂದೆ ಕೂತ ಬೆಕ್ಕಿನ ಹಾಗೆ ಕಾಯುತ್ತಿತ್ತು. ಬಾಯಿ ಮಾತ್ರ ಒಂದು ಕ್ಷಣವೂ ಕಾಯುತ್ತಿರಲಿಲ್ಲ.

ಲಿಮೆರಿಕ್‌ನ ಕನ್ನಡದವರೆಲ್ಲ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದೆವು. ಮಂಗಳೂರಿನ ಕಡೆಯ ಕ್ರೈಸ್ತ ಹೆಂಗಸು, ಮನೆಮಾತು ಕೊಂಕಣಿ. ಐರ್ಲೆಂಡಿಗೆ ನರ್ಸಾಗಿ ಬಂದವರು, ರೋಗಿಗಳನ್ನು ಎತ್ತಿ ಎತ್ತಿ ಬೆನ್ನು ಕೈಕೊಟ್ಟ ಮೇಲೆ ಡ್ರೈವಿಂಗ್ ಕಲಿಸಲು ಶುರು ಮಾಡಿದ್ದರು. ಈ ಊರಿನಲ್ಲಿ ಕಾರಿಲ್ಲದಿದ್ದರೆ ಒಂದು ಲೀಟರ್ ಹಾಲು ತರುವುದೂ ಒಂದು ಪ್ರಯಾಣವೇ. ಹಾಗಾಗಿ ನಮ್ಮಲ್ಲಿ ಹೊಸದಾಗಿ ಬಂದವರು ಮನೆ ಹಿಡಿಯುತ್ತಲೇ ಟೀಚರ್ ನಂಬರ್ ಕೇಳುತ್ತಿದ್ದರು.

ನಾನು ತುಮಕೂರಿನವಳು. ಇಲ್ಲಿಯ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಸ್ಟಿಯರಿಂಗ್ ಹಿಡಿದರೆ ನನಗೆ ಕುತ್ತಿಗೆ ಮರಗಟ್ಟುತ್ತಿತ್ತು. ಬಾನೆಟ್ಟಿನ ತುದಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

"ಎಂತ ಮಾರಾಯ್ತಿ, ಈ ಕನ್ನಡಿ ನಿನಗೆ ಬೊಟ್ಟು ಇಡ್ಲಿಕ್ಕೆ ಕೊಟ್ಟದ್ದಾ?" ಎನ್ನುತ್ತಿದ್ದರು. "ಹಿಂದೆ ಲಾರಿ ಬರ್ತಾ ಉಂಟು. ಅವನಿಗೂ ಹೆಂಡತಿ ಮಕ್ಕಳು ಉಂಟು. ನೋಡು ಸ್ವಲ್ಪ ಅವನನ್ನೂ."

ಎರಡನೇ ಸಲವೂ ಟೆಸ್ಟಿನಲ್ಲಿ ಫೇಲಾಗಿ ನಾನು ಕಾರಿನಲ್ಲೇ ಕೂತು ಅತ್ತೆ. ಸಮಾಧಾನ ಮಾಡುತ್ತಾರೆ ಅಂದುಕೊಂಡೆ. ಅವರು ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟು, "ಕಾರು ಬಿಡು ಇನ್ನು. ಸೈಕಲ್ ತಗೋ" ಅಂದರು.

ನಾನು ಬೆಪ್ಪಾಗಿ ಅವರ ಮುಖ ನೋಡಿದೆ. ತನ್ನ ಹೊಟ್ಟೆಪಾಡಿನ ಕಸುಬನ್ನೇ ಬೇಡ ಅನ್ನುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಟೀಚರ್, ತಮಾಷೆ ಮಾಡ್ಬೇಡಿ."

"ತಮಾಷೆ ಎಂತದ್ದು? ಶಾಲೆಗೆ ಸೈಕಲಲ್ಲಿ ಹೋಗ್ತಿದ್ದೆ ಅಂತ ನೀನೇ ಹೇಳಿದ್ದಲ್ವಾ? ಆಗ ಹೆದರ್ತಿದ್ಯಾ? ಭಾನುವಾರ ಭಾನುವಾರ ಹೊಳೆ ಬದಿಯಲ್ಲಿ ಬಿಟ್ಕೊಂಡು ಹೋಗು, ಬಾ. ಟೆಸ್ಟಿಗೆ ಅಂತ ಅಲ್ಲ, ಆಫೀಸಿಗೆ ಅಂತಲೂ ಅಲ್ಲ. ಸುಮ್ಮನೆ ಖುಷಿಗೆ. ರಸ್ತೆ ಮೇಲೆ ನಿನಗೊಮ್ಮೆ ಖುಷಿ ಆಗ್ಬೇಕು. ಮತ್ತೆ ಕಾರು ನೋಡುವಾ."

ಮನೆಯಲ್ಲಿ ಹೇಳಿದಾಗ ನನ್ನ ಗಂಡ ನಕ್ಕೇಬಿಟ್ಟ. "ಡ್ರೈವಿಂಗ್ ಕಲ್ಸಿ ಅಂತ ಕಳ್ಸಿದ್ರೆ ಸೈಕಲ್ ತಗೋ ಅಂತಾರಾ? ಚೆನ್ನಾಗೈತೆ ಬಿಡು!" ಆದರೆ ಅವನದು ಯಾವುದರಲ್ಲೂ ಅರ್ಧಕ್ಕೆ ನಿಲ್ಲುವ ಸ್ವಭಾವವಲ್ಲ. ಎರಡೇ ದಿನದಲ್ಲಿ ಕಾರ್ಬನ್ ಫ್ರೇಮು, ಡಿಸ್ಕ್ ಬ್ರೇಕು, ವಿಡಿಯೋಗಳು, ಹೋಲಿಕೆಗಳು ಎಂದು ತಲೆತುಂಬ ತುಂಬಿಕೊಂಡು ನನ್ನನ್ನು ಪೇಟೆಯ ದೊಡ್ಡ ಅಂಗಡಿಗೆ ಕರೆದುಕೊಂಡು ಹೋದ. ನಾನು ಟೀಚರನ್ನೂ ಬರಹೇಳಿದೆ.

ಅಂಗಡಿಯವನು ತೋರಿಸಿದ ಮೊದಲ ಸೈಕಲ್ಲಿನ ಬೆಲೆಚೀಟಿ ನೋಡಿ ನಾನು ಎರಡೆರಡು ಸಲ ಸೊನ್ನೆ ಎಣಿಸಿದೆ. ನಾವು ಈ ದೇಶಕ್ಕೆ ಬಂದಾಗ ಕೊಂಡ ಹಳೇ ಕಾರಿಗೆ ಅಷ್ಟು ಕೊಟ್ಟಿರಲಿಲ್ಲ. ಟೀಚರ್ ಮಾತ್ರ ಬೆಲೆಯನ್ನು ನೋಡಲೇ ಇಲ್ಲ. "ಹತ್ತಿ ಕೂತ್ಕೋ" ಅಂದರು. ಕೂತೆ. ಬೆನ್ನು ಬಾಗಿ, ಮೂಗು ಹ್ಯಾಂಡಲ್ಲಿಗೆ ತಾಗುವ ಹಾಗಾಯಿತು. "ಇಳಿ. ಹೀಗೆ ಕೂತ್ರೆ ನೆಲ ಬಿಟ್ಟು ಬೇರೆಂತ ಕಾಣ್ತದೆ? ಬಾನೆಟ್ ನೋಡಿದ್ದು ಸಾಕಾಗ್ಲಿಲ್ವಾ?"

ಹಾಗಾದರೆ ಎಲ್ಲಕ್ಕಿಂತ ಅಗ್ಗದ್ದನ್ನೇ ತಗೊಳ್ಳೋಣ ಎಂದು ನಾನು ಮೂಲೆಯಲ್ಲಿದ್ದ ದಪ್ಪ ಟೈರಿನ ಒಂದನ್ನು ತೋರಿಸಿದೆ. ಹಿಂದೆ ಮುಂದೆ ಎರಡೂ ಕಡೆ ಸ್ಪ್ರಿಂಗು, ಥಳಥಳ ಬಣ್ಣ. "ಎತ್ತು ಅದನ್ನು" ಅಂದರು. ಎತ್ತಲು ಹೋದರೆ ಎಮ್ಮೆ ಕರುವಿನಷ್ಟು ಭಾರ. "ನಿಮ್ಮದು ಎರಡನೇ ಮಾಳಿಗೆ. ಮೆಟ್ಟಿಲು ಹತ್ತಿಸುವುದು ಯಾರು, ನಾನಾ?" ಆಮೇಲೆ ಅಂಗಡಿಯವನ ಕಡೆ ತಿರುಗಿ, ಮಡ್‌ಗಾರ್ಡ್ ಇರುವುದು ಒಂದೂ ಇಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅದು ಬೇರೆಯಾಗಿ ಕೊಳ್ಳಬೇಕು ಎಂದ ಅವನು. "ನೋಡು," ಎಂದು ನನಗೆ ಕನ್ನಡದಲ್ಲಿ ಹೇಳಿದರು, "ಐರ್ಲೆಂಡಲ್ಲಿ ಮಡ್‌ಗಾರ್ಡ್ ಇಲ್ಲದ ಸೈಕಲ್ ಅಂದ್ರೆ ಜುಲೈ ತಿಂಗಳಲ್ಲಿ ಕೊಡೆ ಇಲ್ಲದೆ ಮಂಗ್ಳೂರಿಗೆ ಹೋದ ಹಾಗೆ."

"ಟೀಚರ್, ನಿಮ್ಗೆ ಸೈಕಲ್ ಬಗ್ಗೆ ಇಷ್ಟೆಲ್ಲ ಹೇಗೆ ಗೊತ್ತು?" ಎಂದು ನನ್ನ ಗಂಡ ಕೇಳಿದ.

"ಸೈಕಲ್ ಬಗ್ಗೆ ನಂಗೆ ಎಂತ ಸಹ ಗೊತ್ತಿಲ್ಲಪ್ಪ. ಬಿಡ್ಲಿಕ್ಕೂ ಬರುವುದಿಲ್ಲ. ಹೆದರುವವರ ಬಗ್ಗೆ ಗೊತ್ತುಂಟು."

ನಾವು ಏನೂ ಕೊಳ್ಳದೆ ಹೊರಬಂದೆವು. ಆ ವಾರವೇ ಪ್ಯಾಟ್ರಿಕ್ಸ್‌ವೆಲ್ ಎಂಬ ಹತ್ತಿರದ ಹಳ್ಳಿಯಿಂದ ಒಂದು ಜಾಹೀರಾತನ್ನು ಅವರೇ ಹುಡುಕಿ ನನಗೆ ಕಳಿಸಿದರು. ಹೆಂಗಸರ ಹಳೆಯ ಸೈಕಲ್, ಕಡುನೀಲಿ, ಮಡ್‌ಗಾರ್ಡು, ಕ್ಯಾರಿಯರ್ ಎಲ್ಲ ಉಂಟು, ಶನಿವಾರ ಹೋಗುವಾ, ನೀನೇ ಕಾರು ಓಡಿಸು, ಅದೊಂದು ಪಾಠ ಅಂತ ಆಗ್ತದೆ ಎಂದು ಬರೆದಿದ್ದರು.

ಶನಿವಾರ ಮಧ್ಯಾಹ್ನ ಹೊರಟೆವು. ಸೈಕಲ್ಲಿನ ಒಡೆಯ ವಯಸ್ಸಾದ ಐರಿಷ್ ಮನುಷ್ಯ. ಹೆಂಡತಿಗೆ ಮಂಡಿ ನೋವು, ಇನ್ನು ಬಿಡಲಾರಳು ಎಂದ. ಟೀಚರ್ ನನ್ನನ್ನು ಅವನ ಅಂಗಳದಲ್ಲಿ ಸುತ್ತಿಸಿದರು. ಮೊದಲು ಓಲಾಡಿದೆ, ಆಮೇಲೆ ಅದು ಹೇಗೋ ಕಾಲಿಗೆ ಬಂತು. ನೆಟ್ಟಗೆ ಕೂತಿದ್ದೆ. ಬೇಲಿ ಕಾಣುತ್ತಿತ್ತು, ಬೇಲಿಯಾಚೆ ಹಸುಗಳು ಕಾಣುತ್ತಿದ್ದವು. ನಾನು ನಗುತ್ತಿದ್ದೇನೆ ಎಂದು ನನಗೇ ತಿಳಿದಿರಲಿಲ್ಲ. "ಹಾಂ, ಇದೇ" ಅಂದರು ಟೀಚರ್. ಬೆಲೆ ನಮ್ಮ ಮನೆಯ ವಾರದ ತರಕಾರಿ ದಿನಸಿಗಿಂತ ಅಷ್ಟೇನೂ ಹೆಚ್ಚಿರಲಿಲ್ಲ. ಮುಂದಿನ ಚಕ್ರ ಬಿಚ್ಚಿ, ಹಿಂದಿನ ಸೀಟು ಮಡಿಸಿ, ಸೈಕಲ್ಲನ್ನು ಒಳಗೆ ತುಂಬಿದೆವು.

ವಾಪಸು ಬರುವಾಗ ಟೀಚರ್ ಆ ಮನುಷ್ಯನ ಹೆಂಡತಿಯ ಮಂಡಿಯ ಬಗ್ಗೆ, ಅದಕ್ಕೆ ಯಾವ ಎಣ್ಣೆ ಹಚ್ಚಬೇಕು ಎಂಬುದರ ಬಗ್ಗೆ ಮಾತಾಡುತ್ತಿದ್ದರು. ರಹೀನ್‌ನ ರೌಂಡಬೌಟಿಗೆ ಬಂದೆವು. ಅದು ನನಗೆ ಯಾವಾಗಲೂ ಕಂಟಕದ ಜಾಗ. ಬಲಗಡೆ ನೋಡಿ ಒಳಗೆ ನುಗ್ಗಿದೆ. ಅರ್ಧ ಸುತ್ತು ಬರುವಷ್ಟರಲ್ಲಿ ಕಾರು ಧಡಕ್ಕನೆ ನಿಂತು ಎಂಜಿನ್ ಆಫಾಯಿತು. ಟೀಚರ್ ಬ್ರೇಕ್ ಒತ್ತಿದ್ದರು.

"ಸಾರಿ ಟೀಚರ್, ಕನ್ನಡಿ ನೋಡ್ಲಿಲ್ಲ" ಅಂದೆ.

ಬೈಗುಳ ಬರಲಿಲ್ಲ. ಏನೂ ಬರಲಿಲ್ಲ. ಎಂಜಿನ್ ಸ್ಟಾರ್ಟ್ ಮಾಡಿದೆ, ಕಾರು ಜಗ್ಗಲಿಲ್ಲ, ಮತ್ತೆ ಆಫಾಯಿತು. ಹಿಂದೆ ಹಾರ್ನುಗಳು ಶುರುವಾದವು. ನಾನು ಇನ್ನೂ ನನ್ನ ತಪ್ಪು ಯಾವುದೆಂದೇ ಹುಡುಕುತ್ತಿದ್ದೆ. "ಟೀಚರ್, ಕಾಲು ತೆಗೀರಿ" ಎಂದು ತಿರುಗಿ ನೋಡಿದೆ.

ಅವರ ಮುಖದ ಬಲಗಡೆ ಜಾರಿ ಇಳಿದಿತ್ತು. ತುಟಿಯ ಮೂಲೆಯಿಂದ ಜೊಲ್ಲು ಸುರಿಯುತ್ತಿತ್ತು. ಕಣ್ಣು ಮಾತ್ರ ನನ್ನ ಮೇಲೇ ಇತ್ತು, ಪೂರ್ತಿ ಎಚ್ಚರದಲ್ಲಿ. ಬಲಗೈ ತೊಡೆಯಿಂದ ಕೆಳಗೆ ನೇತಾಡುತ್ತಿತ್ತು. ಬಲಗಾಲು ಬ್ರೇಕಿನ ಮೇಲೆ ಕಲ್ಲಿನ ಹಾಗೆ ಬಿದ್ದಿತ್ತು.

ಆ ಕಾಲನ್ನು ಯಾರಾದರೂ ತೆಗೆಯಬೇಕಲ್ಲ ಎನ್ನುವುದೊಂದೇ ತಲೆಯಲ್ಲಿ ಓಡಿದ್ದು. ಹ್ಯಾಂಡ್ ಬ್ರೇಕ್ ಎಳೆದು, ಬೆಲ್ಟ್ ಬಿಚ್ಚಿ, ಅವರ ಮೇಲೆ ಬಗ್ಗಿ, ಎರಡೂ ಕೈಯಿಂದ ಮಂಡಿಯ ಕೆಳಗೆ ಹಿಡಿದು ಎತ್ತಿದೆ. ಒಂದು ಕಾಲು ಅಷ್ಟು ಭಾರವಿರುತ್ತದೆಂದು ನನಗೆ ತಿಳಿದಿರಲಿಲ್ಲ. ಅದನ್ನು ಬಾಗಿಲ ಕಡೆಗೆ ಒತ್ತಿ ಇಟ್ಟೆ. ಎದುರಿಗೆ ಹಸಿರು ಫಲಕದಲ್ಲಿ ಆಸ್ಪತ್ರೆಯ ಗುರುತು ಕಂಡಿತು. ಆಂಬುಲೆನ್ಸಿಗೆ ಫೋನ್ ಮಾಡಬೇಕಿತ್ತೇನೋ. ಆಸ್ಪತ್ರೆ ಅಲ್ಲೇ ಮುಂದಿತ್ತು. ನಾನು ಕಾರು ಓಡಿಸಿದೆ.

ಎಲ್ಲ ಕನ್ನಡಿಗಳನ್ನೂ ನೋಡಿದೆನೆಂದು ನೆನಪಿದೆ. "ಟೀಚರ್, ಇಂಡಿಕೇಟರ್ ಹಾಕ್ತಾ ಇದೀನಿ. ಟೀಚರ್, ಎಡಕ್ಕೆ ತಗೊಳ್ತಾ ಇದೀನಿ" ಎಂದು ದಾರಿಯುದ್ದಕ್ಕೂ ಗಟ್ಟಿಯಾಗಿ ಹೇಳುತ್ತ ಹೋದದ್ದು ನೆನಪಿದೆ. ಎಮರ್ಜೆನ್ಸಿಯ ಬಾಗಿಲಲ್ಲಿ ಕಾರನ್ನು ಅಡ್ಡಡ್ಡ ನಿಲ್ಲಿಸಿ ಇಳಿದಾಗ ನನ್ನ ಬಾಯಿಂದ ಇಂಗ್ಲಿಷ್ ಹೊರಡಲಿಲ್ಲ. ಕನ್ನಡದಲ್ಲೇ ಕೂಗಿದೆ. ಯಾರಿಗೂ ಭಾಷೆ ತಿಳಿಯಬೇಕಾಗಿರಲಿಲ್ಲ, ಓಡಿ ಬಂದರು.

ಟೀಚರ್ ಗಂಡ ಒಂದು ಹೋಟೆಲಿನಲ್ಲಿ ಅಡುಗೆಯವರು. ನಾವು ಅಂಕಲ್ ಎನ್ನುತ್ತಿದ್ದೆವು. ಏಪ್ರನ್ನನ್ನೂ ಬಿಚ್ಚದೆ ಬಂದರು. ನನ್ನನ್ನು ನೋಡಿದರು, ಏನೋ ಹೇಳಲು ಬಾಯಿ ತೆರೆದರು, ಹೇಳಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು ಒಳಗೆ ಹೋದರು.

ಟೀಚರ್ ಬದುಕಿದರು. ಮಾತು ಹೋಯಿತು. ಉಸಿರಾಡಿದಷ್ಟು ಸಲೀಸಾಗಿ ಮಾತಾಡುತ್ತಿದ್ದ ಹೆಂಗಸಿಗೆ ನೀರು ಬೇಕು ಎನ್ನಲೂ ಮಾತು ಸಿಗುತ್ತಿರಲಿಲ್ಲ. ನಾನು ನೋಡಲು ಹೋದ ದಿನ ಅವರು ಬಹಳ ಹೊತ್ತು ತಡಕಾಡಿ, ಹಣೆಯಲ್ಲಿ ಬೆವರು ಮೂಡಿಸಿಕೊಂಡು, ಕೊನೆಗೆ ಸ್ಪಷ್ಟವಾಗಿ "ಎಂತ ಮಾರಾಯ್ತಿ" ಅಂದರು. ನಾನು ಹಿಗ್ಗಿಹೋದೆ. ಆಮೇಲೆ ಡಾಕ್ಟರ್ ಬಂದ. ಅವನಿಗೂ "ಎಂತ ಮಾರಾಯ್ತಿ" ಅಂದರು. ಊಟ ತಂದವರಿಗೂ ಅದನ್ನೇ. ಉಳಿದದ್ದು ಅದೊಂದೇ ಎಂದು ತಿಳಿದಾಗ ನಾನು ಎದ್ದು ಹೊರಗೆ ಬಂದೆ. ಬಾಯಿಗೆ ರೂಢಿಯಾದ ಮಾತುಗಳು ಹೀಗೆ ಉಳಿಯುವುದುಂಟು ಎಂದು ನರ್ಸ್ ಹೇಳಿದಳು. ಕೆಲವು ದಿನಗಳಲ್ಲಿ ಆ ವಾರ್ಡಿನ ಐರಿಷ್ ಹುಡುಗಿಯರೆಲ್ಲ ಬೆಳಿಗ್ಗೆ ಅವರನ್ನು "ಎಂತ ಮಾರಾಯ್ತಿ, ಆಲ್ ಗ್ರ್ಯಾಂಡ್?" ಎಂದು ಕ್ಷೇಮ ಕೇಳುತ್ತಿದ್ದರು. ಟೀಚರ್ ಅರ್ಧ ಮುಖದಲ್ಲಿ ನಗುತ್ತಿದ್ದರು.

ಅಂಕಲ್ ಕಾರಿನಿಂದ ಇಳಿಸಿಟ್ಟ ಸೈಕಲ್ ಅವರ ಮನೆಯ ಶೆಡ್ಡಿನಲ್ಲೇ ಇತ್ತು. ನನಗೆ ಅದನ್ನು ನೋಡಲೂ ಮನಸ್ಸಿರಲಿಲ್ಲ. ಟೀಚರ್ ಮನೆಗೆ ಬಂದ ಮೇಲೆ ಒಂದು ಭಾನುವಾರ ಸಾರು ಮಾಡಿಕೊಂಡು ಹೋದೆ. ಅವರು ಎಡಗೈಯಿಂದ ಶೆಡ್ಡಿನ ಕಡೆ ತೋರಿಸಿದರು. ನಾನು ಅರ್ಥವಾಗದವಳ ಹಾಗೆ ಇದ್ದೆ. ಅವರು ಊರುಗೋಲನ್ನು ನೆಲಕ್ಕೆ ಕುಟ್ಟಿದರು. ಸಾರಿನ ಡಬ್ಬಿಯನ್ನು ಮುಟ್ಟಲಿಲ್ಲ. ಅಂಕಲ್ ಹೋಗಿ ಸೈಕಲ್ ತಂದು, ಚಕ್ರ ಜೋಡಿಸಿ, ಬಾಗಿಲ ಮುಂದೆ ನಿಲ್ಲಿಸಿದರು. ನಾನು ಹತ್ತಿ ಆ ರಸ್ತೆಯ ಕೊನೆಯವರೆಗೆ ಹೋಗಿ ಬಂದೆ. ಆಮೇಲೆಯೇ ಅವರು ಬಾಯಿಗೆ ಸಾರು ಹಾಕಿಸಿಕೊಂಡದ್ದು.

ಅಂದಿನಿಂದ ಭಾನುವಾರಗಳು ಹಾಗೇ ನಡೆದವು. ನಮ್ಮ ಮನೆಯಿಂದ ಶಾನನ್ ನದಿಯ ದಂಡೆ ಹಿಡಿದು ಯೂನಿವರ್ಸಿಟಿಯವರೆಗೆ ಹೋಗಿ, ಹಂಸಗಳನ್ನು ನೋಡಿ, ಬರುವಾಗ ಟೀಚರ್ ಮನೆ. ಮೊದಲ ಸಲ ಬಸ್ಸೊಂದು ಪಕ್ಕದಲ್ಲೇ ಹಾದು ಹೋದಾಗ ನಡುಗಿದ್ದನ್ನು, ಆಮೇಲೊಂದು ದಿನ ಹಿಂದೆ ಬರುವ ಕಾರಿನ ಸದ್ದಿನಿಂದಲೇ ಅದರ ವೇಗ ತಿಳಿದದ್ದನ್ನು ಅವರಿಗೆ ಹೇಳುತ್ತಿದ್ದೆ. ನಾನು ಮಾತಾಡುವವಳು, ಅವರು ಕೇಳುವವರು. ಯಾರಾದರೂ ಹಳೆಯ ಶಿಷ್ಯರು ನೋಡಿದ್ದರೆ ನಂಬುತ್ತಿರಲಿಲ್ಲ. ಮರುವರ್ಷ ನಾನು ಟೆಸ್ಟ್ ಪಾಸಾದೆ. ಹೇಳಿದಾಗ ಅವರು ನನ್ನ ಕೆನ್ನೆ ಹಿಂಡಿ, ಕಿಟಕಿಯಿಂದ ಹೊರಗೆ ಬಗ್ಗಿ, ಸೈಕಲ್ ತಂದಿದ್ದೇನೋ ಇಲ್ಲವೋ ಎಂದು ನೋಡಿದರು.

ಆ ಚಳಿಗಾಲದಲ್ಲಿ ಮತ್ತೊಂದು ಸ್ಟ್ರೋಕ್ ಬಂತು. ನಾನು ಆಫೀಸಿನಲ್ಲಿದ್ದಾಗ ಅಂಕಲ್ ಫೋನ್ ಬಂತು. "ಹೋದಳು" ಅಂದರು, ಅಷ್ಟೇ. ಕಳೆದ ಭಾನುವಾರ ನನ್ನ ಕೈಯಿಂದ ಕಿತ್ತಳೆ ಸುಲಿಸಿಕೊಂಡು ತಿಂದವರು ಹೋದರೆಂದರೆ ನಂಬುವುದು ಹೇಗೆ? ಫೋನ್ ಹಿಡಿದೇ "ಎಲ್ಲಿಗೆ?" ಎಂದು ಕೇಳಿಬಿಟ್ಟೆ.

ಇಗರ್ಜಿಯಲ್ಲಿ ಪೂಜೆ ಮುಗಿದು, ಮಣ್ಣು ಮಾಡಿ ಬಂದ ಮೇಲೆ ಪಕ್ಕದ ಹಾಲಿನಲ್ಲಿ ಚಹಾ ಕೊಟ್ಟರು. ನನ್ನ ಗಂಡ ಕಾರಿನಲ್ಲಿ ಬಂದಿದ್ದ. ನಾನು ಸೈಕಲ್ಲಿನಲ್ಲೇ ಬಂದಿದ್ದೆ. ಅಂಕಲ್ ಕಪ್ಪು ಸೂಟಿನಲ್ಲಿ ಚಹಾ ಹಿಡಿದು ನನ್ನ ಪಕ್ಕ ಬಂದು ನಿಂತರು.

"ಹಠ ಅವಳದ್ದು" ಎಂದು ನಗುತ್ತ ಶುರು ಮಾಡಿದರು. "ಆ ಶನಿವಾರ ಬೆಳಿಗ್ಗೆ ಚಹಾದ ಕಪ್ಪು ಕೈಯಿಂದ ಬಿತ್ತು. ಬಲಗೈ ಜೋಮು ಹಿಡಿದ ಹಾಗೆ ಆಗ್ತದೆ ಅಂದಳು. ಸ್ವಲ್ಪ ಹೊತ್ತಲ್ಲಿ ಸರಿ ಆಯ್ತು. ನರ್ಸಲ್ವಾ, ಅವಳಿಗೆ ಗೊತ್ತಾಗಿತ್ತು ಅದೆಂತ ಅಂತ. ಡಾಕ್ಟರ್ ಹತ್ರ ಹೋಗುವಾ ಅಂತ ನಾನು ಕೈ ಹಿಡಿದು ಎಳೆದೆ. ಸಂಜೆ ಹೋಗುವಾ, ಈಗ ಆಗುವುದಿಲ್ಲ, ಒಳ್ಳೆ ಸೈಕಲ್, ಬೇರೆ ಯಾರಾದ್ರೂ ತಗೊಂಡು ಹೋಗ್ತಾರೆ ಅಂದಳು."

ನನ್ನ ಕೈಯಲ್ಲಿದ್ದ ಬಿಸ್ಕತ್ತು ಚಹಾದೊಳಗೆ ಮುರಿದು ಬಿತ್ತು.

"ನಂಗ್ಯಾಕೆ ಹೇಳ್ಲಿಲ್ಲ ಅಂಕಲ್?" ಅಂದೆ.

"ಒಮ್ಮೆ ಹೇಳ್ಲಿಕ್ಕೆ ಹೊರಟೆ. ನೀನು ಅಡುಗೆಮನೆಗೆ ಕಿತ್ತಳೆ ತರ್ಲಿಕ್ಕೆ ಹೋಗಿದ್ದೆ. ಇವತ್ತು ಹೇಳಿಬಿಡ್ತೇನೆ ಅಂತ ಅವಳಿಗೆ ಅಂದೆ. ಎಡಗೈಯಿಂದ ನನ್ನ ಬಾಯಿ ಮುಚ್ಚಿದಳು ಮಗಾ. ನೀನು ಬಂದು ಕೂತ್ಕೊಳ್ಳುವವರೆಗೆ ತೆಗೀಲಿಲ್ಲ." ಅವರ ನಗು ಅಲ್ಲಿಗೆ ಮುಗಿಯಿತು. "ಬೇಜಾರಲ್ಲಿ ಹೇಳಿದ್ದಲ್ಲ ನಾನು. ಅವಳು ಎಂಥವಳು ಅಂತ ಯಾರಿಗಾದ್ರೂ ಒಬ್ಬರಿಗೆ ಗೊತ್ತಿರ್ಬೇಕಲ್ಲ."

ನಾನು ಕಪ್ಪನ್ನು ಮೇಜಿನ ಮೇಲಿಟ್ಟು ಹೊರಗೆ ಬಂದೆ. ತುಂತುರು ಬೀಳುತ್ತಿತ್ತು. ಬೇಲಿಗೆ ಒರಗಿಸಿದ್ದ ಸೈಕಲ್ಲಿನ ಬೀಗ ತೆಗೆಯಲು ಹೋದರೆ ಬೀಗದ ಕೈ ತೂತಿಗೆ ಹೋಗಲೊಲ್ಲದು. ಇದನ್ನು ಇಲ್ಲೇ ಬಿಟ್ಟು ನಡೆದು ಹೋಗಿಬಿಡೋಣ, ಇನ್ನು ಮುಟ್ಟುವುದೇ ಬೇಡ ಎಂದು ಅನಿಸಿದ್ದು ನಿಜ. ಅಂಕಲ್ ಹಿಂದೆಯೇ ಬಂದರು. ನನ್ನ ಕೈಯಿಂದ ಬೀಗದ ಕೈ ತೆಗೆದುಕೊಂಡು ತಾವೇ ಬೀಗ ತೆಗೆದರು. ಹೆಬ್ಬೆರಳಿನಿಂದ ಹಿಂದಿನ ಟೈರು ಒತ್ತಿ ನೋಡಿದರು.

"ಗಾಳಿ ಕಡಿಮೆ ಉಂಟು" ಅಂದರು. "ಹೀಗೆ ಹೋದ್ರೆ ಟ್ಯೂಬ್ ಹಾಳಾಗ್ತದೆ."

ತಮ್ಮ ಕಾರಿನಿಂದ ಪಂಪು ತಂದರು. ಹೊಸ ಸೂಟಿನ ಮಂಡಿಯನ್ನು ಒದ್ದೆ ನೆಲಕ್ಕೆ ಊರಿ, ಹೆಂಡತಿಯನ್ನು ಆಗಷ್ಟೇ ಮಣ್ಣು ಮಾಡಿ ಬಂದ ಆ ಮನುಷ್ಯ ನನ್ನ ಸೈಕಲ್ಲಿಗೆ ಗಾಳಿ ಹಾಕಿದರು. ಹಾಲಿನ ಬಾಗಿಲಿನಿಂದ ಜನ ನೋಡುತ್ತಿದ್ದರು. ನಾನು ಹ್ಯಾಂಡಲ್ ಹಿಡಿದು ನಿಂತೇ ಇದ್ದೆ, ಅವರು ಏಳುವವರೆಗೆ.