ಆರತಿ ಮುಗಿಯುವತನಕ ಓಡಿದ ಎಂಜಿನ್

ಅಡುಗೆಮನೆಯ ನೆಲಕ್ಕೆ ಕುಳಿತು ಪುಂಡಿಪಲ್ಯದ ಎಲೆ ಬಿಡಿಸುತ್ತಿದ್ದೆ. ನಮ್ಮ ಮನೆಯವರ ಫೋನು ಚಾರ್ಜಿಗೆ ಹಾಕಿದಲ್ಲೇ ಬಡಿದುಕೊಳ್ಳತೊಡಗಿತು. ಅವರು ಮುಂದಿನ ಗ್ಯಾರೇಜಿನಲ್ಲಿ ಒಂದು ಟ್ರ್ಯಾಕ್ಟರಿನ ಅಡಿಯಲ್ಲಿ ಮಲಗಿದ್ದರು. ಕೈ ಒರೆಸಿಕೊಂಡು ನಾನೇ ಎತ್ತಿದೆ.

"ಎಲ್ಲಿ ಅದಾನ ಆ ಮಿಸ್ತ್ರಿ? ಎಂಜಿನ್ ಸುಟ್ಟು ಹೋಗ್ಯದ ಅಂತ ಹೇಳು ಅವಗ. ಭಾಲ್ಕಿಯೊಳಗ, ಬೀದರದೊಳಗ ಒಂದ್ ಗ್ಯಾರೇಜ್ ಬಿಡದ ಹೇಳ್ತೇನಿ, ಈತನ ಕೈಯಾಗ ಸಾಮಾನು ಕೊಡಬ್ಯಾಡ್ರಿ ಅಂತ!"

ನಮಸ್ಕಾರವಿಲ್ಲ, ಯಾರು ಮಾತಾಡುತ್ತಿರುವುದು ಎಂದು ಕೇಳುವುದಿಲ್ಲ. ಔರಾದದ ಗುತ್ತಿಗೆದಾರರು. ಊರೆಲ್ಲ ಅವರನ್ನು ಸಾವಕಾರ್ರು ಅನ್ನುತ್ತದೆ, ನಾವೂ ಅನ್ನುತ್ತಿದ್ದೆವು. ಮಾತು ಮುಗಿಸಿ ಫೋನ್ ಇಟ್ಟೇಬಿಟ್ಟರು. ನನಗೆ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು.

ಯಾಕೆ ಸಿಟ್ಟು ಬಂತು ಎಂದು ಹೇಳಬೇಕಾದರೆ ಎರಡು ತಿಂಗಳು ಹಿಂದಕ್ಕೆ ಹೋಗಬೇಕು. ಈ ಸಾವಕಾರ್ರು ಹೈದರಾಬಾದಿನಿಂದ ಒಂದು ಹಳೆಯ ಸ್ಪೀಡ್ ಬೋಟು ತಂದಿದ್ದರು. ಭಾಲ್ಕಿ ಕಡೆಯ ಜಲಾಶಯದಲ್ಲಿ ಓಡಿಸುವ ಆಸೆ. ಅಲ್ಲಿ ಬೀಗರದೊಂದು ಬೋಟು ಮೊದಲೇ ಇತ್ತು, ಅದಕ್ಕಿಂತ ತಮ್ಮದು ಜೋರು ಓಡಬೇಕು. ಅದಕ್ಕಾಗಿ ಎಂಜಿನ್ನಿಗೆ ಸೂಪರ್‌ಚಾರ್ಜರ್ ಕೂಡಿಸಿ ಕೊಡು ಎಂದು ನಮ್ಮ ಅಂಗಳಕ್ಕೆ ತಂದು ನಿಲ್ಲಿಸಿದರು. ಬೀದರಿನಂಥ ಊರಲ್ಲಿ ಬೋಟಿನ ಎಂಜಿನ್ ಬಿಚ್ಚಿದವರು ಯಾರಿದ್ದಾರೆ? ನಮ್ಮ ಮನೆಯವರು ಮೊದಲು ಒಲ್ಲೆ ಎಂದರು. ಆಮೇಲೆ ಮೂರು ದಿನ ಅದರ ಸುತ್ತ ಸುಮ್ಮನೆ ತಿರುಗಿದರು. ನಾಲ್ಕನೆಯ ದಿನ ಸ್ಪ್ಯಾನರ್ ಹಿಡಿದರು.

ಆ ಸೂಪರ್‌ಚಾರ್ಜರ್ ಎಂದರೇನು ಎಂದು ನಾನು ಕೇಳಿದ್ದಕ್ಕೆ, "ಕಮ್ಮಾರನ ತಿದಿ ಇದ್ದಂಗ ನೋಡು. ಎಂಜಿನ್ ತಾನ ಎಳಕೊಳ್ಳೋ ಗಾಳಿ ಅದಕ ಸಾಲಂಗಿಲ್ಲ. ಇದು ಬೆಲ್ಟಿನ ಮ್ಯಾಲೆ ತಿರುಗಿ ಮತ್ತಷ್ಟು ಗಾಳಿ ಒಳಗ ನೂಕತದ," ಎಂದರು. ಗಾಳಿ ಹೆಚ್ಚಾದರೆ ಒಲೆಗೆ ಕಟ್ಟಿಗೆಯೂ ಹೆಚ್ಚು ಬೇಕಲ್ಲ, ಹಾಗೆ ಎಂಜಿನ್ನಿಗೆ ಪೆಟ್ರೋಲು ಹೆಚ್ಚು ಬೇಕು. ಉರಿ ಹೆಚ್ಚಾದ ಮೇಲೆ ತಂಪೂ ಹೆಚ್ಚು ಬೇಕು. ಇಷ್ಟು ನನಗೆ ತಿಳಿಯಿತು. ಉಳಿದದ್ದು ಅವರು ಫೋನಿನಲ್ಲಿ ವಿಡಿಯೊ ನೋಡಿ, ತಗ್ಗು ಧ್ವನಿಯಲ್ಲಿ ಬೈದುಕೊಂಡು, ಬಿಚ್ಚಿ, ಮತ್ತೆ ಕೂಡಿಸಿ ಕಲಿತರು. ಬೆಲ್ಟಿನ ಗಾಲಿ ಒಂದು ಕೂದಲೆಳೆಯಷ್ಟು ವಾರೆಯಾಗಿದೆ ಎಂದು ಇಡೀ ವಾರ ಬೇರೆ ಕೆಲಸ ಮುಟ್ಟಲಿಲ್ಲ. ಊಟಕ್ಕೆ ಕರೆದರೆ "ಬಂದೆ" ಎನ್ನುವುದು, ಬರದೆ ಇರುವುದು. ನಾನು ತಟ್ಟೆಯನ್ನು ಗ್ಯಾರೇಜಿಗೇ ಒಯ್ದೆ. ಕೆಲಸದಲ್ಲಿ ಮನಸ್ಸು ನಿಂತ ಗಂಡ ಸಿಕ್ಕಿದ್ದಾನಲ್ಲ, ಅದೂ ಶಿವನ ಒಂದು ದಯೆ ಅಂದುಕೊಂಡೆ.

ಅಂಗಳದಲ್ಲಿ ಎಂಜಿನ್ ಪರೀಕ್ಷೆ ಮಾಡಿದ ದಿನ ನೀರಿನ ಪೈಪಿನ ಕಾವಲು ನನ್ನದು. ಬೋಟಿನ ಎಂಜಿನ್ನಿಗೆ ಲಾರಿಗಿದ್ದಂತೆ ರೇಡಿಯೇಟರ್ ಇರುವುದಿಲ್ಲ, ಕೆರೆಯ ನೀರನ್ನೇ ಪಂಪಿನಿಂದ ಎಳೆದುಕೊಂಡು ಅದು ತಂಪಾಗುತ್ತದೆ. ಆ ಪಂಪಿನೊಳಗೆ ಒಂದು ರಬ್ಬರಿನ ಚಕ್ರ, ಸೇವಂತಿಗೆ ಹೂವಿನಂತೆ ಎಸಳು ಎಸಳು. ನೀರಿದ್ದರೆ ವರ್ಷಗಟ್ಟಲೆ ಬಾಳುತ್ತದೆ. ನೀರಿಲ್ಲದೆ ತಿರುಗಿದರೆ ತಾನೇ ಉಜ್ಜಿ ಹರಿದು ಚೂರಾಗುತ್ತದೆ. ಅದನ್ನು ನಾನೇ ತೊಳೆದು ಕೊಟ್ಟಿದ್ದೆ. ಸಾವಕಾರ್ರು ಅಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ನಾನೇ ಮಾಡಿದ ಚಹಾ ಕುಡಿಯುತ್ತಿದ್ದರು. ಅವರ ಎದುರೇ ನಮ್ಮ ಮನೆಯವರು ಎರಡು ಸಲ ಹೇಳಿದರು:

"ಸಾವಕಾರ್ರ, ಕೆಳಗ ನೀರು ಇರಬೇಕು, ಇಲ್ಲಂದ್ರ ಹಿಂಗ ಪೈಪ್ ಇರಬೇಕು. ಒಣಾ ಒಂದ್ ನಿಮಿಷ ಸುದ್ದಾ ನಡಸಬ್ಯಾಡ್ರಿ."

"ಏ ಮಿಸ್ತ್ರಿ, ಹತ್ತು ಟಿಪ್ಪರ್ ನಡಸಾವ ನಾ. ನನಗ ಹೇಳ್ತಿಯೇನು?"

ಎರಡು ದಿನ ಬಿಟ್ಟು ಜಲಾಶಯಕ್ಕೆ ಒಯ್ದು ನೀರಿಗೆ ಇಳಿಸಿದರು. ನಾನೂ ಹೋಗಿದ್ದೆ, ದಂಡೆಯ ಮೇಲೆ ಸೆರಗು ಬಿಗಿದುಕೊಂಡು ನಿಂತಿದ್ದೆ. ಬೋಟು ಮೂತಿ ಎತ್ತಿ ಸಿಳ್ಳೆ ಹಾಕುತ್ತ ಹೋದದ್ದು ಇನ್ನೂ ಕಣ್ಣಲ್ಲಿದೆ. ಅಲ್ಲಿನ ಬೋಟಿನವರೆಲ್ಲ ನಮ್ಮ ಮನೆಯವರ ಬೆನ್ನು ತಟ್ಟಿದರು. ಸಾವಕಾರ್ರು ಪೂಜೆ ಮಾಡಿಸಿ ತರುತ್ತೇನೆಂದು ಬೋಟನ್ನು ಔರಾದಕ್ಕೆ ಒಯ್ದರು. ಮೂರನೆಯ ದಿನಕ್ಕೆ ಈ ಫೋನು.

ವಿಷಯ ಹೇಳಿದಾಗ ನಮ್ಮ ಮನೆಯವರು ಟ್ರ್ಯಾಕ್ಟರಿನ ಅಡಿಯಿಂದ ಎದ್ದು ಬಂದು, ಕೈ ತೊಳೆಯದೆ ಕಟ್ಟೆಯ ಮೇಲೆ ಕುಳಿತುಬಿಟ್ಟರು. "ನಂದೇ ಎಲ್ಲೋ ತಪ್ಪಿರಬೇಕು," ಎಂದರು. ಅದನ್ನು ಕೇಳಿ ನನಗೆ ಸಾವಕಾರ್ರ ಬೈಗುಳಕ್ಕಿಂತ ಹೆಚ್ಚು ಉರಿಯಿತು. ಇಪ್ಪತ್ತು ವರ್ಷ ಈ ಕೈಯನ್ನು ನಂಬಿ ಜನ ಎಂಜಿನ್ ಬಿಟ್ಟು ಹೋಗಿದ್ದಾರೆ. ಒಂದು ಫೋನಿನಲ್ಲಿ ಆ ಕೈಯ ಮೇಲೆ ಆ ಕೈಯವರಿಗೇ ಸಂಶಯ ಬಂತಲ್ಲ!

"ನಡೀರಿ, ಔರಾದಕ್ಕ ಹೋಗಿ ನೋಡೋಣ. ನಾನೂ ಬರ್ತೇನಿ," ಎಂದೆ.

"ನೀ ಯಾಕ?"

"ಪೈಪ್ ಹಿಡದಾಕಿ ನಾನೇ ಅಲ್ಲೇನ್ರಿ?"

ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಆ ಹೊತ್ತಿನ ಔರಾದ ಬಸ್ಸಿನಲ್ಲಿ ಅದು ಸಣ್ಣ ಮಾತಲ್ಲ. ದಾರಿಯುದ್ದಕ್ಕೂ ಅವರು ಸ್ಪ್ಯಾನರಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು.

ಸಾವಕಾರ್ರ ಮನೆಯ ಮುಂದೆ ಬೇವಿನ ಗಿಡದ ಕೆಳಗೆ, ಟ್ರೇಲರ್ ಗಾಡಿಯ ಮೇಲೆಯೇ ಬೋಟು ನಿಂತಿತ್ತು. ಮೂತಿಗೆ ಚೆಂಡುಹೂವಿನ ಹಾರ, ಸೂಪರ್‌ಚಾರ್ಜರಿಗೆ ಕುಂಕುಮ, ಅರಿಷಿಣ. ಸುಟ್ಟ ರಬ್ಬರಿನ ವಾಸನೆ ಗೇಟಿನವರೆಗೂ ಬರುತ್ತಿತ್ತು. ಸಾವಕಾರ್ರು ನಾಲ್ಕೈದು ಮಂದಿಯನ್ನು ಕೂಡಿಸಿಕೊಂಡು ಕುಳಿತಿದ್ದರು. ನಮಗೆ ಕುಳಿತುಕೊಳ್ಳಿ ಅನ್ನಲಿಲ್ಲ.

"ಬಾ ಮಿಸ್ತ್ರಿ. ಏನ್ ಖರಾಬ್ ಸಾಮಾನು ಹಾಕಿದಿ ಹೇಳು. ಇಲ್ಲಂದ್ರ ಕೊರಳಾಗಿನ ಲಿಂಗ ಹಿಡಿದು ಆಣಿ ಮಾಡು, ತಪ್ಪಿಲ್ಲಂತ."

ನಮ್ಮ ಮನೆಯವರ ಕೈ ಎದೆಯ ಕಡೆಗೆ ಹೋಯಿತು. ಅವರು ಹಾಗೆಯೇ, ಯಾರು ಏನು ಕೇಳಿದರೂ ಕೊಟ್ಟುಬಿಡುವವರು. ನಾನು ಆ ಕೈ ಹಿಡಿದೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ ಅಂಗೈ ಮೇಲಿಟ್ಟು ಪೂಜಿಸುವ ಲಿಂಗ ಅದು. ಒಂದು ಬೋಟಿನ ಜಗಳಕ್ಕೆ ಸಾಕ್ಷಿ ಹೇಳಲು ಕರೆಯುವುದೇ?

"ಲಿಂಗಕ್ಕ ಯಾಕ ತ್ರಾಸು ಕೊಡ್ತೀರಿ ಸಾವಕಾರ್ರ? ಪಂಪ್ ಬಿಚ್ಚಿದ್ರ ಅದೇ ಹೇಳತದ," ಎಂದೆ.

"ಹೆಣ್ಮಕ್ಕಳು ಎಂಜಿನ್ ಮಾತಾಡ್ಲತ್ತರ ಇನ್ನ ಮುಗೀತು," ಎಂದು ಒಬ್ಬ ನಕ್ಕ.

ಅಷ್ಟರಲ್ಲಿ ಒಳಗಿನಿಂದ ಸಾವಕಾರ್ರ ತಾಯಿ ನೀರು ತಂದುಕೊಟ್ಟರು. ಆ ಮನೆಯಲ್ಲಿ ನಮ್ಮನ್ನು ಮನುಷ್ಯರೆಂದು ಕಂಡವರು ಅವರೊಬ್ಬರೇ. ನಾನು ಮೆಲ್ಲಗೆ ಕೇಳಿದೆ: "ಪೂಜಾ ಬರೋಬರ್ ಆತೇನ್ರಿ ಅವ್ವಾ?"

"ಭಾಳ ಛಂದ ಆತು ನೋಡವ್ವ. ಪೂಜಾ ಮಾಡಿದ ಗಾಡಿ ಚಾಲೂ ಮಾಡದ ಬಿಡಬಾರದಲ್ಲ? ಮಾಡ್ರಿ ಅಂದೆ. ಹೆಂಗ ಸಿಳ್ಳಿ ಹೊಡೀತಿತ್ತಂತಿ! ಓಣಿ ಮಂದಿ ಎಲ್ಲಾ ಬಂದಿದ್ರು. ಐದು ಮಂದಿ ಮುತ್ತೈದೇರು ಆರತಿ ಮಾಡಿ ಮುಗಸೋತನಕ ನಡದೇ ಇತ್ತು. ಆಮ್ಯಾಲೆ ಹೊಗಿ ಬಂತು."

ಸಾವಕಾರ್ರ ಮುಖ ಕೆಂಪಾಯಿತು.

"ನೀರಿಲ್ಲದ ನಡಸಿಲ್ಲ," ಎಂದರು. "ಐದು ತೆಂಗಿನಕಾಯಿ ಒಡದು ನೀರು ಹಾಕೀವಿ ಅದರ ಮ್ಯಾಲೆ."

ಮೊದಲು ನಕ್ಕವನೇ ಈಗಲೂ ನಕ್ಕ. ನಮ್ಮ ಮನೆಯವರು ಮಾತ್ರ ನಗದೆ ಬೋಟು ಹತ್ತಿ ಪಂಪಿನ ಮುಚ್ಚಳ ಬಿಚ್ಚಿದರು. ನಾನು ತೊಳೆದುಕೊಟ್ಟಿದ್ದ ಆ ರಬ್ಬರಿನ ಚಕ್ರಕ್ಕೆ ಒಂದು ಎಸಳೂ ಉಳಿದಿರಲಿಲ್ಲ. ಕರಿ ಚೂರುಗಳನ್ನು ಅಂಗೈಯಲ್ಲಿ ತಂದು ಸಾವಕಾರ್ರ ಎದುರು ಹಿಡಿದರು.

ನನ್ನ ಸಿಟ್ಟು ಪೂಜೆಯ ಮೇಲಲ್ಲ. ಹೊಸ ಮಿಕ್ಸಿ ತಂದ ದಿನ ನಾನೂ ಕುಂಕುಮ ಹಚ್ಚಿ, ಕೈಮುಗಿದು, ಒಂದು ಸುತ್ತು ತಿರುಗಿಸಿದವಳೇ. ಆ ತಾಯಿಯ ಜಾಗದಲ್ಲಿದ್ದರೆ ನಾನೂ ಚಾಲೂ ಮಾಡ್ರಿ ಅನ್ನುತ್ತಿದ್ದೆ. ಗಾಡಿ ಎಂದರೆ ನೆಲದ ಮೇಲಿನದು ಎಂದೇ ತಿಳಿದ ನಮ್ಮ ಸೀಮೆಯ ಮಂದಿಗೆ ಈ ತಪ್ಪು ಸಹಜ. ಆದರೆ ತಪ್ಪು ತನ್ನದೆಂದು ಗೊತ್ತಿದ್ದೂ, ದುಡಿದು ಬಂದವನ ಮುಂದೆ ಲಿಂಗ ಮುಟ್ಟು ಅನ್ನುವುದು ಎಂಥ ಧರ್ಮ? ಎದುರು ಮಾತಾಡದವನ ತಲೆಗೆ ಕಟ್ಟಿದರೆ ಮುಗಿಯಿತು ಎಂದೇ?

"ಆತು ಬಿಡ್ರಿ. ಆಗೋದು ಆತು," ಎಂದರು ಸಾವಕಾರ್ರು.

"ಹ್ಯಾಂಗ ಆತ್ರಿ? ಭಾಲ್ಕಿ ಬೋಟಿನವರಿಗಿ ಏನಂತ ಹೇಳೀರಿ?"

"ಹೇಳೀನಿ ಏನೋ ಒಂದು."

"ಈಗ ಖರೆ ಹೇಳ್ರಿ. ನಮ್ ಮುಂದ," ಎಂದೆ.

ಅವರು ತಾಯಿಯ ಮುಖ ನೋಡಿದರು. ತಾಯಿ, "ಹೇಳಪ್ಪ, ಆರತಿ ಹಿಡದಾರೆಲ್ಲ ಈ ಓಣ್ಯಾಗ ಅದಾರ, ನೀ ಹೇಳದಿದ್ರ ಅವರು ಹೇಳ್ತಾರ," ಎಂದರು. ಸಾವಕಾರ್ರು ಫೋನ್ ತೆಗೆದು ಭಾಲ್ಕಿ ಬೋಟಿನವರಿಗೆ ಹಚ್ಚಿ, ನೆಲ ನೋಡುತ್ತ, "ಮಿಸ್ತ್ರಿದು ತಪ್ಪಿಲ್ಲ, ನಾವೇ ಒಣಾ ನಡಸೀವಿ," ಎಂದರು. ಒಂದೇ ವಾಕ್ಯ. ತಪ್ಪಾಯಿತು ಅನ್ನುವ ಮಾತು ಅವರ ಬಾಯಲ್ಲಿ ಕೊನೆಗೂ ಹುಟ್ಟಲಿಲ್ಲ.

ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ನಮ್ಮ ಮನೆಯವರ ಮೇಲೆ. ಆಗಲೇ ಅವರು ಮತ್ತೆ ಬೋಟು ಹತ್ತಿ, ಟಾರ್ಚು ಹಾಕಿ ಇಣುಕುತ್ತಿದ್ದರು. "ಗ್ಯಾಸ್ಕೆಟ್ ಹೋಗ್ಯದ, ಎಂಜಿನ್ನಿನ ಹೆಡ್ ಬಾಗಿರಬೇಕು. ಸೂಪರ್‌ಚಾರ್ಜರಿಗಿ ಏನೂ ಆಗಿಲ್ಲ. ಬೀದರಕ್ಕ ಕಳಸ್ರಿ," ಅನ್ನಬೇಕೇ!

ಬಸ್‌ಸ್ಟ್ಯಾಂಡಿನಲ್ಲಿ ನಾನು ಬಿಡಲಿಲ್ಲ. "ಅಷ್ಟು ಮಂದ್ಯಾಗ ಹಂಗ ಅಂದವರ ಬೋಟು ಮತ್ತ ಯಾಕ ಮುಟ್ತೀರಿ?"

"ಎಂಜಿನ್ ಏನ್ ತಪ್ಪ್ ಮಾಡ್ಯದ?" ಎಂದರು. ಬೆಳಗಿನಿಂದ ಮೊದಲ ಸಲ ಅವರ ಧ್ವನಿ ನೆಟ್ಟಗಿತ್ತು. ಮತ್ತೆ ತಮ್ಮ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು, ಬಹಳ ದಿನಕ್ಕೆ ಊರಿಗೆ ಬಂದ ನೆಂಟರನ್ನು ನೋಡುವಂತೆ. ನಾನು ಸ್ಪ್ಯಾನರಿನ ಚೀಲ ಎತ್ತಿಕೊಂಡೆ. ಸಿಟ್ಟು ಹೋಗಿರಲಿಲ್ಲ, ಇಂದಿಗೂ ಪೂರ್ತಿ ಹೋಗಿಲ್ಲ.

ಮನೆಗೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಎಸರಿಗೆ ನೀರಿಟ್ಟೆ. ಅದು ಕುದಿಯುವಷ್ಟರಲ್ಲಿ ಜೋಳದ ಹಿಟ್ಟು ಸಾಣಿಸಿಕೊಂಡು ರೊಟ್ಟಿ ಬಡಿಯಲು ಕುಳಿತೆ.