ಪಿಟೀಲಿನ ಊರಿನಲ್ಲಿ ನನ್ನ ಡೊಳ್ಳು

ಮೇಜಿನ ಮೇಲೆ ಅಂಗೈಯಿಂದ ನಾಲ್ಕು ಏಟು ಹಾಕಿದೆ, ಅಷ್ಟೇ. ಪಿಟೀಲು ನಿಂತಿತು, ಕೊಳಲು ನಿಂತಿತು, ಇಡೀ ಪಬ್ಬು ತಿರುಗಿ ನನ್ನ ಮುಖ ನೋಡಿತು. ಐರ್ಲೆಂಡಿಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಯಾರದೋ ಮನೆಯ ದೇವರನ್ನು ಒದ್ದವಳಂತೆ ಕೂತಿದ್ದೆ.

ಪಬ್ಬು ಎಂದರೆ ನಮ್ಮ ಕಡೆಯ ಬಾರ್ ಅಲ್ಲ. ಅಜ್ಜಿಯರೂ ಮಕ್ಕಳೂ ಕೂತು ಸೂಪು ಕುಡಿಯುವ ಜಾಗ. ವಾರಕ್ಕೊಂದು ಸಂಜೆ ಊರಿನವರು ವಾದ್ಯ ತಂದು, ಸುತ್ತ ಕೂತು ಹಳೆಯ ಮಟ್ಟುಗಳನ್ನು ನುಡಿಸುತ್ತಾರೆ. ಅದಕ್ಕೆ ಸೆಷನ್ ಎಂದು ಹೆಸರು. ಪಿಟೀಲು ಎಷ್ಟಾದರೂ ಇರಬಹುದು, ಚರ್ಮವಾದ್ಯ ಮಾತ್ರ ಒಂದೇ ಇರಬೇಕು ಎನ್ನುವುದು ಅಲ್ಲಿನ ಕಟ್ಟುಪಾಡು. ಬೋರಾನ್ ಎಂಬ, ನಮ್ಮ ತಮಟೆಯಂಥ ವಾದ್ಯ ಹಿಡಿದು ಒಬ್ಬ ಅಜ್ಜ ಆಗಲೇ ಕೂತಿದ್ದ. ಅವನಿರುವಾಗ ನಾನು ತಾಳ ಹಾಕಿದ್ದು, ಉಣ್ಣುತ್ತಿದ್ದವನನ್ನು ಎಲೆಯ ಮುಂದಿನಿಂದ ಎಬ್ಬಿಸಿದಂತೆ. ನಮ್ಮೂರು ಬಿಳಿಚೋಡಿನಲ್ಲಿ ಒಂದು ಡೊಳ್ಳು ನುಡಿದಾಗ ಉಳಿದವು ಸುಮ್ಮನಿದ್ದರೆ ಅದು ಅವಮಾನ. ನನಗೇನು ಗೊತ್ತು? ಪಿಟೀಲು ನುಡಿಸುತ್ತಿದ್ದ ಮೇವ್ ಎಂಬಾಕೆ ಪಕ್ಕಕ್ಕೆ ಬಂದು, ನಗುತ್ತಲೇ ಇದನ್ನೆಲ್ಲ ತಿಳಿಸಿದಳು. ಆ ದೇಶದಲ್ಲಿ ನನಗೆ ಸಿಕ್ಕ ಮೊದಲ ಗೆಳತಿ ಅವಳೇ.

ನಾನು ಇಲ್ಲಿ ವೃದ್ಧರ ಆರೈಕೆ ಮನೆಯೊಂದರಲ್ಲಿ ನರ್ಸ್. ಎಷ್ಟೋ ಮನೆಯವರು 'ನೋಡೋಣ' ಎಂದು ಸಾಗಹಾಕಿದ ಮೇಲೆ ಬೇಕರಿಯ ಮೇಲಿನ ಕೋಣೆ ಬಾಡಿಗೆಗೆ ಸಿಕ್ಕಿತು. ಮೊದಲ ದಿನ ರೊಟ್ಟಿ ಬಡಿದಾಗ ಛಾವಣಿ ಕುಸಿಯಿತೆಂದು ಬೇಕರಿಯವನು ಓಡಿ ಬಂದ. ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆ. ಕಣ್ಣಲ್ಲಿ ನೀರು ಸುರಿಸುತ್ತ 'ಗ್ರ್ಯಾಂಡ್' ಎಂದ. ಇಲ್ಲಿ ಗ್ರ್ಯಾಂಡ್ ಎಂದರೆ ಭರ್ಜರಿ ಅಂತಲ್ಲ, 'ನಡೆಯುತ್ತದೆ ಬಿಡಿ' ಅಂತ. ಸೊಂಟ ಮುರಿದ ಅಜ್ಜಿಯೂ ಗ್ರ್ಯಾಂಡ್ ಎನ್ನುತ್ತಾಳೆ.

ಕುರಿಗಳ ವಿಷಯವನ್ನೂ ಹೇಳಬೇಕು. ಜಗಳೂರಿನ ಕುರಿ ಒಣಹುಲ್ಲು ಹುಡುಕಿ ಹರದಾರಿ ನಡೆಯುತ್ತದೆ. ಇಲ್ಲಿಯದು ಮಂಡಿಯುದ್ದ ಹಸಿರಿನಲ್ಲಿ ನಿಂತು ಬೇಜಾರಿನಿಂದ ನಮ್ಮನ್ನೇ ನೋಡುತ್ತದೆ. ಜೊತೆಗೆ ಕಂಬಳಿ ಹೊದ್ದ ಒಬ್ಬರೂ ಇಲ್ಲ, ಹೋಯ್ ಎಂದು ಕರೆಯುವವರೂ ಇಲ್ಲ. ಆ ಕುರಿಗಳನ್ನು ನೋಡಿಯೇ ಇಲ್ಲಿ ಮೊದಲ ಸಲ ಅತ್ತೆ.

ಮರುವರ್ಷ ರಜೆಗೆ ಊರಿಗೆ ಹೋದವಳು ನನ್ನ ಡೊಳ್ಳನ್ನು ತಂದುಬಿಟ್ಟೆ. ಹಗ್ಗ ಬಿಚ್ಚಿ, ಮರದ ಹೊಟ್ಟೆಯೊಳಗೆ ಚಟ್ನಿಪುಡಿ, ಸೀರೆ ತುರುಕಿ ತಂದದ್ದು. ಆದರೆ ಇಲ್ಲಿಯ ಶೀತಕ್ಕೆ ಚರ್ಮ ಸಡಿಲಾಗಿ, ಒದ್ದೆ ಚೀಲ ಬಡಿದಂತೆ ದಬದಬ ಎಂದಿತು. ಊರಲ್ಲಾದರೆ ಬಿಸಿಲಿಗಿಟ್ಟರೆ ಸಾಕಿತ್ತು. ಪಬ್ಬಿನ ಒಲೆಯಲ್ಲಿ ಟರ್ಫ್ ಉರಿಯುತ್ತಿತ್ತು; ಅದು ನೆಲದಿಂದ ಕೊಯ್ದು ಒಣಗಿಸಿದ ಹೆಂಟೆ, ಬೆರಣಿಯ ಹಾಗೆ ನಿಧಾನಕ್ಕೆ ಉರಿಯುತ್ತದೆ. ಅದರ ಮುಂದೆ ಡೊಳ್ಳು ಕಾಯಿಸುತ್ತ ಕೂತೆ. ಬೋರಾನ್ ಅಜ್ಜ ಬಂದು ತನ್ನದನ್ನೂ ಪಕ್ಕದಲ್ಲಿ ಹಿಡಿದ. ಎರಡೂ ಕಾದ ಮೇಲೆ ತನ್ನದನ್ನು ಕೆಳಗಿಟ್ಟು, 'ಈಗ ನಿನ್ನ ಸರದಿ' ಎಂದ. ಆ ಸಂಜೆ ನಾನು ನೆಲದ ಮೇಲಿರಲಿಲ್ಲ.

ಮೇವ್‌ಗೆ ಒಂದು ತಂಡವಿದೆ. ಅಜ್ಜಂದಿರ ಮಟ್ಟುಗಳಿಗೆ ಎಲೆಕ್ಟ್ರಿಕ್ ಗಿಟಾರು, ಕೀಬೋರ್ಡು, ಕಂಪ್ಯೂಟರಿನ ತಾಳ ಸೇರಿಸಿ ಹೊಸ ಹುಡುಗರೂ ಕುಣಿಯುವಂತೆ ಮಾಡುತ್ತಾರೆ. ನನ್ನ ಡೊಳ್ಳು ಕೇಳಿದ ಮೇಲೆ ಅವಳು, ಕೀಬೋರ್ಡಿನ ಕಾನರ್ ಇಬ್ಬರೂ ಬೇಕರಿಯ ಮೇಲಕ್ಕೆ ಹತ್ತಿ ಬಂದರು. 'ನಿನ್ನ ಸದ್ದು ನಮಗೆ ಬೇಕು' ಎಂದ ಕಾನರ್. 'ರೆಕಾರ್ಡ್ ಮಾಡಿಕೊಳ್ಳುತ್ತೇವೆ. ಗುಂಡಿ ಒತ್ತಿದರೆ ಬರುತ್ತದೆ. ನೀನು ಕೆಲಸಕ್ಕೆ ರಜೆ ಹಾಕುವುದೇ ಬೇಡ.'

ಮೇಲುನೋಟಕ್ಕೆ ಉಪಕಾರವೇ. ಆದರೆ ಹೂಂ ಎಂದರೆ ನಾನಿಲ್ಲದ ನನ್ನ ಡೊಳ್ಳನ್ನು ಜನರ ನಡುವೆ ಕೂತು ಕೇಳಬೇಕು. ಊಹೂಂ ಎಂದರೆ ಇದ್ದೊಬ್ಬ ಗೆಳತಿಯೂ ದೂರವಾಗಬಹುದು. ಡೊಳ್ಳು ಕಲಿಸಿದ ಸೋದರಮಾವ ಕರಿಯಪ್ಪನಿಗೆ ವಿಡಿಯೋ ಕಾಲ್ ಮಾಡಿದೆ.

"ಡೊಳ್ಳಂದ್ರೆ ಬರೀ ಸದ್ದೇನವ್ವ?" ಎಂದು ಮಾವ ರೇಗಿದ. "ಕೊಳ್ಳಾಗೆ ಹಾಕ್ಕಂಡು ಕುಣಿಯಾಕೆ ಆಳು ಬೇಕು. ಸದ್ದು ಕಳ್ಸಿ ನೀನು ಮನ್ಯಾಗೆ ಕುಂತ್ರೆ, ಬಾಸಿಂಗ ಕಳ್ಸಿ ಮದುಮಗಳು ಹಟ್ಟ್ಯಾಗೆ ಉಳ್ದಂಗೆ. ಕೇಳಾಕೆ ಯಾಕೆ ಅಂಜ್ತೀ? ಬಾಯಿ ಐತೆ, ಬಿಟ್ಟು ಹೇಳು."

ಹೇಳಿದೆ. 'ಬಂದರೆ ನಾನೂ ಡೊಳ್ಳೂ ಇಬ್ಬರೂ ಬರುತ್ತೇವೆ, ಇಲ್ಲವಾದರೆ ಇಬ್ಬರೂ ಇಲ್ಲ.' ಕಾನರ್ ಮುಖ ಗಂಟು ಹಾಕಿಕೊಂಡ. ಡೊಳ್ಳಿನೆದುರು ಪಿಟೀಲು ಕೇಳುವುದಿಲ್ಲ ಎಂದ. ನುಡಿಸಿಯೇ ನೋಡೋಣ ಎಂದಳು ಮೇವ್. ಅಭ್ಯಾಸಕ್ಕೆ ನಿಂತಾಗ ಅವನು ಹೇಳಿದ್ದು ಸರಿಯೇ ಆಯಿತು. ಮೇವ್ ಕಮಾನು ಎಳೆಯುವುದು ಕಾಣುತ್ತಿತ್ತು, ಸ್ವರ ಕೇಳುತ್ತಿರಲಿಲ್ಲ. ಬಲಗೈಯ ಕೋಲು ಬದಿಗಿಟ್ಟು ಬರಿ ಅಂಗೈಯಲ್ಲಿ ನುಡಿಸಿದೆ, ಪಿಟೀಲು ಮೇಲೆದ್ದಿತು. ಅವರ ಜಿಗ್ ಎಂಬ ಕುಣಿತದ ಮಟ್ಟು ಮೂರು ಮೂರರ ಲೆಕ್ಕದ್ದು, ತಕಿಟ ತಕಿಟ. ಆ ನಡೆ ನನ್ನ ಕಾಲಿಗೆ ಚಿಕ್ಕಂದಿನಿಂದ ಗೊತ್ತು. ಮೇವ್ ಕಮಾನು ನಿಲ್ಲಿಸಿ ನನ್ನ ಕಾಲನ್ನೇ ನೋಡಿದಳು. 'ಕಾನರ್, ಇವಳಿಗೆ ಜಾಗ ಬಿಡು. ಕೀಬೋರ್ಡು ಮೂಲೆಗೆ ಹಾಕು' ಎಂದಳು.

ತಂಡದ ಕಾರ್ಯಕ್ರಮದ ದಿನ ಪಕ್ಕದ ಪಟ್ಟಣದ ಸಭಾಂಗಣ ತುಂಬಿತ್ತು. ಆರೈಕೆ ಮನೆಯ ಅಜ್ಜಿಯರು ಗಾಲಿಕುರ್ಚಿಗಳಲ್ಲಿ ಮುಂದಿನ ಸಾಲಿನಲ್ಲಿದ್ದರು. ಕೊನೆಯ ಸುತ್ತಿನಲ್ಲಿ ಕೋಲು ಕೈಗೆತ್ತಿಕೊಂಡೆ. ಗಿಟಾರು ಗುಡುಗಿತು, ಪಿಟೀಲು ಓಡಿತು, ನಾನು ಡೊಳ್ಳು ಹೊತ್ತು ನೆಗೆದು ತಿರುಗಿದೆ. ಜನ ಕುರ್ಚಿ ಬಿಟ್ಟೆದ್ದರು. ಯಾವ ಸ್ವಿಚ್ಚಿನಿಂದಲೂ ಅದು ಆಗುತ್ತಿರಲಿಲ್ಲ. ಗೆದ್ದೆ ಅನ್ನಿಸಿತು, ಅದನ್ನು ಮುಚ್ಚಿಡುವುದೇಕೆ?

ಮುಗಿದ ಮೇಲೆ ಮೇವ್ ಮೈಕು ಹಿಡಿದು, 'ಡೊಳ್ಳಿನಲ್ಲಿ ನಿಂಗಿ, ನಮ್ಮ ಊರಿನವಳು!' ಎಂದು ಕೂಗಿದಳು. ಚಪ್ಪಾಳೆಯೋ ಚಪ್ಪಾಳೆ. ಏನನ್ನಿಸಿತೋ, ಮೈಕಿಗೆ ಬಗ್ಗಿ 'ಬಿಳಿಚೋಡು! ಜಗಳೂರು ತಾಲ್ಲೂಕು!' ಎಂದೆ, ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರಿಗೆ ಹೇಳುವಷ್ಟೇ ಜೋರಾಗಿ. ಅದಕ್ಕೂ ಚಪ್ಪಾಳೆ ಬಿತ್ತು.

ವಿಡಿಯೋ ಊರಿಗೆ ಕಳಿಸಿದೆ. ಮರುದಿನ ಮಾವ ಫೋನ್ ಮಾಡಿ ಹೆಜ್ಜೆ ಹೊಗಳಿದ, ಪಿಟೀಲಿನವಳನ್ನು ಹೊಗಳಿದ. ಆಮೇಲೆ ಹೇಳಿದ.

"ಊರ ಹೆಸ್ರು ಹೇಳ್ದಲ್ಲವ್ವ, ಎದಿ ತುಂಬ್ತು. ಆದ್ರೆ ನಿಂಗಿ, ಆಯಮ್ಮ ನಿನ್ನ ಅವರೂರಾಕಿ ಅಂದಾಗ ನೀನು ನಕ್ಕಿದ್ದೂ ಕಂಡೆ."

ಹೌದು ಮಾವ, ನಕ್ಕಿದ್ದೆ.