ತಲೆಗೂ ಒಂದು ಡ್ರಿಲ್

ನಮ್ಮ ಡ್ರಿಲ್ ಟೀಚರ್ ಎಂಥ ಜರಿ ಸೀರೆ ಉಟ್ಟರೂ ಅದರ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಇಣುಕುತ್ತಿತ್ತು. ಬಿಸಿಲಿಗೆ ಕಂದಿದ ಮುಖದಲ್ಲಿ ಹಲ್ಲು ಮಾತ್ರ ಬೆಳ್ಳಗೆ. ಆ ಹಲ್ಲು ಕಾಣಿಸದ ದಿನವನ್ನು ನಾನು ನೋಡಿಲ್ಲ. ಹರಿಹರದ ಹೈಸ್ಕೂಲಿನಲ್ಲಿ ನಮಗೆ ಖೋಖೋ ಕಲಿಸಿದವರು ಅವರೇ. ನಿವೃತ್ತಿಯಾದ ಮೇಲೆ ದಾವಣಗೆರೆಗೆ ಬಂದು ದೇವರಾಜ ಅರಸು ಬಡಾವಣೆಯಲ್ಲಿ ಮನೆ ಮಾಡಿದ್ದರಂತೆ. ನಾನಿರುವುದು ಅದೇ ಊರಿನ ನಿಟ್ಟುವಳ್ಳಿಯಲ್ಲಿ, ಆದರೂ ಅವರನ್ನು ಮತ್ತೆ ಕಂಡದ್ದು ನನಗೆ ಐವತ್ತು ಹತ್ತಿರವಾದಾಗ, ಗೆಳತಿಯೊಬ್ಬಳ ಮಗಳ ಮದುವೆಯಲ್ಲಿ.

ಆ ಮದುವೆಯಲ್ಲಿ ಮುಮ್ತಾಜ್ ಓಡಿಬಂದು ನನ್ನನ್ನು ತಬ್ಬಿಕೊಂಡಳು. ಹೈಸ್ಕೂಲು ಮುಗಿಯುವ ತನಕ ಒಂದೇ ಬೆಂಚಿನಲ್ಲಿ ಕೂತವಳು, ನನ್ನ ಬುತ್ತಿಯ ಚಟ್ನಿಪುಡಿಯನ್ನೆಲ್ಲ ಖಾಲಿ ಮಾಡಿದವಳು. ಮುಖ ಗೊತ್ತು, ನಗು ಗೊತ್ತು, ಹೆಸರು ಮಾತ್ರ ಬಾಯಿಗೆ ಬರಲಿಲ್ಲ. "ಹೆಂಗಿದೀಯೇ?" ಎಂದು ಏನೋ ತೇಲಿಸಿ, ಕೈ ತೊಳೆಯುವ ಕಡೆ ಹೋಗಿ ನಿಂತೆ. ನನ್ನ ಅವ್ವನಿಗೂ ಹೀಗೇ ಶುರುವಾಗಿತ್ತು. ಮೊದಲು ಹೆಸರುಗಳು, ಆಮೇಲೆ ಒಲೆಯ ಮೇಲಿನ ಹಾಲು, ಆಮೇಲೆ ಮನೆಯ ದಾರಿ. ಕೊನೆಕೊನೆಗೆ ನಾನು ತುತ್ತು ಕೊಟ್ಟರೆ, "ಯಾರ ಮಗಳವ್ವ ನೀನು?" ಎನ್ನುತ್ತಿದ್ದಳು. ನನಗೂ ಆಗಾಗ ಏನಾದರೂ ಮರೆತುಹೋಗುತ್ತಿತ್ತು, ನನ್ನ ಸರದಿಯೂ ಬಂತು ಎಂಬ ಹೆದರಿಕೆಯಲ್ಲಿ ನಾನು ಎಷ್ಟೋ ತಿಂಗಳಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಊಟ ಮುಗಿಸಿ ಕೈ ತೊಳೆಯಲು ಬಂದ ಟೀಚರ್ ನನ್ನ ಮುಖ ನೋಡಿದರು.

"ಯಾಕ ಹುಡುಗಿ, ಹೋಳಿಗೆ ಸಿಗಲಿಲ್ಲೇನು?"

ಅಳುತ್ತಲೇ ಎಲ್ಲ ಹೇಳಿದೆ.

"ಡಾಕ್ಟ್ರಿಗೆ ತೋರ್ಸಿದೀಯ?"

"ಇಲ್ರೀ ಟೀಚರ್. ಅವ್ವಂದೇ ಕಾಯಿಲೆ ಅಂದ್ಬಿಟ್ರೆ?"

"ಖೋಖೋದಾಗ ಬೆನ್ನಿಂದೆ ಬರೋಳನ್ನ ನೋಡಬಾರ್ದು ಅಂತ ಕಣ್ಣು ಮುಚ್ಕೊಂಡು ಓಡಿದ್ರೆ ಔಟಾಗದಂಗೆ ಇರ್ತೀಯೇನು? ನಾಳೆ ಹೋಗಾಣ, ನಡಿ."

ಮರುದಿನ ನನ್ನ ಕೈ ಹಿಡಿದು ಎಳೆದುಕೊಂಡೇ ಹೋದರು. ಡಾಕ್ಟರಮ್ಮ ಸಮಾಧಾನವಾಗಿ ಪರೀಕ್ಷೆ ಮಾಡಿದರು. ಅವ್ವನ ಕಾಯಿಲೆಯ ಲಕ್ಷಣ ಕಾಣುತ್ತಿಲ್ಲ, ಆದರೆ ಬಿಪಿ ಏರಿದೆ, ನಿದ್ದೆಯಿಲ್ಲ, ಮುಟ್ಟು ನಿಲ್ಲುವ ವಯಸ್ಸು ಬೇರೆ, ಮರೆವಿಗೆ ಇಷ್ಟು ಸಾಕು ಎಂದರು. ಮುಂದೆ ಆ ಕಾಯಿಲೆ ಬರುವುದೇ ಇಲ್ಲವೆಂದು ಯಾರೂ ಬರೆದುಕೊಡಲಾರರು. ಆದರೆ ಈಗಿನಿಂದಲೇ ಬಿಪಿ ಹತೋಟಿಯಲ್ಲಿಟ್ಟು, ಮೈ ಬಗ್ಗಿಸಿ, ನಾಲ್ಕು ಜನರ ಜೊತೆ ಬೆರೆತು, ಹೊಸದೇನಾದರೂ ಕಲಿಯುತ್ತಿದ್ದರೆ ಮಿದುಳಿಗೆ ಒಳ್ಳೆಯದು ಎಂದರು. ಹೊರಗೆ ಬಂದ ಟೀಚರ್ ಇದಿಷ್ಟನ್ನೂ ಒಂದೇ ಮಾತಿಗೆ ಇಳಿಸಿದರು. "ತಲಿಗೂ ಡ್ರಿಲ್ ಬೇಕಂತೆ. ಬೆಳಿಗ್ಗೆ ಪಾರ್ಕಿಗೆ ಬಾ."

ಪಾರ್ಕಿನಲ್ಲಿ ನಮ್ಮ ಹಳೆಯ ಖೋಖೋ ಸೈನ್ಯವೇ ನೆರೆದಿತ್ತು. ಒಬ್ಬಳಿಗೆ ಮೊಣಕಾಲು ನೋವು, ಒಬ್ಬಳಿಗೆ ಸೊಂಟ, ಎಲ್ಲರಿಗೂ ಬಾಯಿ ಮಾತ್ರ ಗಟ್ಟಿ. ಮುಮ್ತಾಜಳೂ ಇದ್ದಳು. "ಅವತ್ತು ನಿನ್ನ ಹೆಸ್ರು ಮರ್ತಿದ್ದೆ ಕಣೇ" ಎಂದು ಮೆಲ್ಲಗೆ ಹೇಳಿದೆ.

"ಹೌದಾ? ನಂಗೂ ನಿನ್ನ ಹೆಸ್ರು ನೆನಪಾಗಲಿಲ್ಲ. ಅದಕ್ಕೇ ತಬ್ಕೊಂಡಿದ್ದು!"

ಟೀಚರ ಡ್ರಿಲ್ಲು ಸಾದಾ ಡ್ರಿಲ್ಲಲ್ಲ. "ನಾನು ಎಡ ಅಂದ್ರೆ ನೀವು ಬಲಕ್ಕ ತಿರುಗ್ಬೇಕು. ಕೂಡ್ರಿ ಅಂದ್ರೆ ನಿಂದ್ರಬೇಕು. ಬರೀ ಕಾಲು ಓಡ್ಸಬ್ಯಾಡ್ರಿ, ತಲಿ ಓಡ್ಸ್ರಿ!" ಮೊದಲ ದಿನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು, ನಕ್ಕು ನಕ್ಕು ಹುಲ್ಲಿನ ಮೇಲೆ ಕುಸಿದೆವು. ಬರಬರುತ್ತ ಅದು ಮೈಗೆ ಹತ್ತಿತು. ಎಷ್ಟು ಹತ್ತಿತೆಂದರೆ, ಒಂದು ಭಾನುವಾರ ಹರಿಹರದಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೊರಟಾಗ ಸ್ಕೂಟಿ ಓಡಿಸುತ್ತಿದ್ದವಳು ನಾನು, ಹಿಂದೆ ಕೂತು ದಾರಿ ಹೇಳುತ್ತಿದ್ದವರು ನಮ್ಮ ಯಜಮಾನರು. ಹರಿಹರದೊಳಗೆ ಬಂದ ಮೇಲೆ ಅವರು ಎಡ ಎಂದರೆ ನಾನು ಬಲಕ್ಕೆ, ಬಲ ಎಂದರೆ ಎಡಕ್ಕೆ. ಅವರು ಕೂಗುತ್ತಲೇ ಇದ್ದರು, ನಾನು ತಿರುಗಿಸುತ್ತಲೇ ಇದ್ದೆ. ಕೊನೆಗೆ ಮಲೆಬೆನ್ನೂರಿನ ರಸ್ತೆಯಲ್ಲಿ, ಭತ್ತದ ಗದ್ದೆಗಳ ನಡುವೆ, ಒಂದು ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡು ನಿಂತೆವು.

"ಊಟ ಇಲ್ಲೇ ಐತೇನು?" ಎಂದು ಯಜಮಾನರು ಕೇಳಿದರು.

ಅವರಿಗೆ ನಗು. ನನಗೆ ಹೆದರಿಕೆ. ಅವ್ವನೂ ಹೀಗೇ ದಾರಿ ತಪ್ಪುತ್ತಿದ್ದಳಲ್ಲ. ಗದ್ದೆಯ ಬದುವಿನಲ್ಲಿ ನಿಂತೇ ಟೀಚರಿಗೆ ಫೋನ್ ಮಾಡಿದೆ. ಕಥೆ ಕೇಳಿ ಅವರು ಕೆಮ್ಮು ಬರುವಷ್ಟು ನಕ್ಕರು.

"ನೀನು ಮರ್ತಿಲ್ಲ ಕಣೇ, ಕಲ್ತಿದೀಯ! ಈ ವಯಸ್ಸಿನಾಗೂ ಹೊಸ ಪಾಠ ಹತ್ತೈತೆ ನಿನ್ನ ತಲಿಗೆ. ಆದ್ರೆ ಗಾಡಿ ಮ್ಯಾಲೆ ಡ್ರಿಲ್ ಬ್ಯಾಡ, ನಿನ್ನ ಗಂಡ ಪಾಪದೋನು."

ನನಗೂ ನಗು ಬಂತು. ಆದರೂ ಬಹಳ ದಿನದಿಂದ ಗಂಟಲಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ.

"ಟೀಚರ್, ಇಷ್ಟೆಲ್ಲ ಮಾಡಿನೂ ಒಂದಿನ ಅವ್ವನಂಗೆ ಎಲ್ಲಾ ಮರ್ತ್ರೆ?"

ಟೀಚರ್ ನಗು ನಿಲ್ಲಿಸಿದರು.

"ಮಾಡೋದನ್ನೆಲ್ಲ ಮಾಡಾಣ. ಮಾತ್ರೆ ತಗೋ, ನಿದ್ದಿ ಮಾಡು, ಡ್ರಿಲ್ಲಿಗೆ ಬಾ. ಅಷ್ಟಾಗಿನೂ ಮರ್ತ್ರೆ ಮರಿ. ನಾವಿಷ್ಟು ಜನ ನಿನ್ನ ಮರಿಯಲ್ವಲ್ಲ."

ಅವ್ವ ಹೋದಾಗಿನಿಂದ ನನಗೆ ಎಷ್ಟೋ ಜನ ಧೈರ್ಯ ಹೇಳಿದ್ದರು. "ನಿಂಗೇನೂ ಆಗಲ್ಲ ಬಿಡು" ಎನ್ನುವವರೇ ಎಲ್ಲರೂ. ಅಕಸ್ಮಾತ್ ಹಾಗಾದರೂ ಪರವಾಗಿಲ್ಲ ಎಂದವರು ಇವರೊಬ್ಬರೇ. ಗೃಹಪ್ರವೇಶದ ಊಟ ತಪ್ಪಿತು. ದಾವಣಗೆರೆಗೆ ಮರಳಿ ಮಂಡಕ್ಕಿ ಮಿರ್ಚಿ ತಿಂದೆವು. ಆಮೇಲಾಮೇಲೆ ನಿದ್ದೆ ತಾನಾಗಿಯೇ ಬರತೊಡಗಿತು. ಬಿಪಿಯೂ ಇಳಿಯಿತು.

ಕಳೆದ ಬೇಸಿಗೆಯಲ್ಲಿ ಟೀಚರ್ ತೀರಿಕೊಂಡರು. ಹಿಂದಿನ ದಿನ ಬೆಳಿಗ್ಗೆಯೂ ಪಾರ್ಕಿನಲ್ಲಿ ನಮ್ಮನ್ನು ಬೈದಿದ್ದರು. ಅವರ ಮನೆಯ ಅಂಗಳದಲ್ಲಿ ಕೂತು ಅಳುತ್ತ ಒಬ್ಬೊಬ್ಬಳೂ ಅವರ ಒಂದೊಂದು ಕಥೆ ಶುರುಮಾಡಿದೆವು. ಸ್ವಲ್ಪ ಹೊತ್ತಿಗೆ ಎಲ್ಲರೂ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆವು. ಅವರ ಸೊಸೆಯೂ ಬಂದು ನಮ್ಮ ಜೊತೆ ಕೂತಳು.

ಡ್ರಿಲ್ಲು ನಿಂತಿಲ್ಲ, ಈಗ ಸರದಿಯ ಮೇಲೆ ನಾವೇ ಕೂಗುತ್ತೇವೆ. ಮುಂದೆ ನನಗೇನು ಕಾದಿದೆಯೋ ತಿಳಿಯದು. ಒಂದು ದಿನ ನಾನು ಟೀಚರನ್ನೂ ಮರೆಯಬಹುದು. ಆಗ ಅವರ ಕಥೆ ಹೇಳುವವರು ಪಾರ್ಕಿನ ತುಂಬ ಇದ್ದಾರೆ. ಇದೇ ಮೊದಲು ಕೇಳಿದ ಹಾಗೆ ಕೇಳಿ, ಮತ್ತೆ ಹೊಸದಾಗಿ ನಗುತ್ತೇನೆ.